ಡೈನೊ ಮೇಲೆ ಸಿಕ್ಕ ಆರು ಅಶ್ವಶಕ್ತಿ

ಹೊಸ ಏರ್ ಫಿಲ್ಟರ್ ಹಾಕಿದ ದಿನ ನನ್ನ ಕಾರು ಡೈನೊ ಮೇಲೆ, ಅಂದರೆ ಚಕ್ರಗಳನ್ನು ರೋಲರಿನ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ, 6 ಅಶ್ವಶಕ್ತಿ ಹೆಚ್ಚು ತೋರಿಸಿತು. ಹಿಗ್ಗಿಹೋದೆ. ಆದರೂ ಅನುಮಾನ ಬಿಡಲಿಲ್ಲ. ಹಳೆಯ ಫಿಲ್ಟರನ್ನೇ ಮತ್ತೆ ಕೂರಿಸಿ ಓಡಿಸಿ ನೋಡಿದರೆ ಆ 6 ಅಲ್ಲೇ ಇತ್ತು! ಫಿಲ್ಟರ್ ಬದಲಿಸುವ ಮುಂಚಿನ ಮೊದಲ ಓಟದ ಹೊತ್ತಿಗೆ ಗೇರ್‌ಬಾಕ್ಸಿನ ಎಣ್ಣೆಯೂ ಟೈರುಗಳೂ ತಣ್ಣಗಿದ್ದವು. ಅವು ಬಿಸಿಯಾದಂತೆ ಅವುಗಳಲ್ಲೇ ಕಳೆದುಹೋಗುತ್ತಿದ್ದ ಶಕ್ತಿ ರೋಲರಿಗೆ ತಲುಪತೊಡಗಿತ್ತು.

ಅಂದಿನಿಂದ ಯಾವ ಭಾಗವನ್ನೂ ಬದಲಿಸುವ ಮೊದಲು, ಕಾರನ್ನು ಇದ್ದ ಹಾಗೆಯೇ ಕನಿಷ್ಠ ಮೂರು ಸಲ ಓಡಿಸುತ್ತೇನೆ. ಡೈನೊ ಬಿಡಿಸುವ ಶಕ್ತಿಯ ನಕ್ಷೆಯಲ್ಲಿ ಮೂರೂ ಗೆರೆಗಳು ಒಂದರ ಮೇಲೊಂದು ಕೂರಬೇಕು. ಅವುಗಳ ನಡುವೆಯೇ 3 ಅಶ್ವಶಕ್ತಿಯ ಅಂತರವಿದ್ದರೆ, ಆಮೇಲೆ ಸಿಗುವ 3ರ ಲಾಭವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದಲಾವಣೆ ಮಾಡಿ ಅಳೆದ ಮೇಲೆ ಹಳೆಯ ಭಾಗವನ್ನು ತಿರುಗಿ ಹಾಕಿ ಇನ್ನೊಮ್ಮೆ ಅಳೆಯುತ್ತೇನೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ.

ನೀರಿನ ತಾಪದ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಕಾರು ಬಿಸಿಯಾಯಿತು ಎನ್ನುವಂತಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಬಹಳ ನಿಧಾನ. ಹಾಗಾಗಿ ರೋಲರ್ ಮೇಲೆ ಹಗುರವಾಗಿ ಸಾಕಷ್ಟು ಹೊತ್ತು ಓಡಿಸುತ್ತೇನೆ. ಇನ್ನೊಂದು ತುದಿಯ ಅಪಾಯವೂ ಇದೆ: ಮುಂದಿಟ್ಟ ಫ್ಯಾನು ರಸ್ತೆಯ ಗಾಳಿಗೆ ಸಾಟಿಯಲ್ಲ. ಎಂಜಿನ್ ಒಳಗೆಳೆಯುವ ಗಾಳಿ ಓಟದಿಂದ ಓಟಕ್ಕೆ ಬಿಸಿಯಾಗುತ್ತಾ ಹೋದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯನ್ನು ತಡಮಾಡಿ ಶಕ್ತಿಯನ್ನು ಇಳಿಸಬಹುದು. ಆ ಗಾಳಿಯ ಉಷ್ಣಾಂಶವನ್ನು ಸ್ಕ್ಯಾನರಿನಲ್ಲಿ ನೋಡುತ್ತಾ, ಪ್ರತಿ ಓಟವನ್ನೂ ಅದೇ ಅಂಕಿಯಿಂದ ಆರಂಭಿಸುತ್ತೇನೆ.

ಅನುಪಾತ 1:1ಕ್ಕೆ ಹತ್ತಿರವಿರುವ ಗೇರನ್ನು, ನನ್ನ ಕಾರಿನಲ್ಲಿ ನಾಲ್ಕನೆಯದನ್ನು, ಕೊನೆಯವರೆಗೂ ಬದಲಿಸುವುದಿಲ್ಲ. ಕಾರನ್ನು ಕಟ್ಟಿದ ಪಟ್ಟಿಗಳನ್ನು ನಡುವೆ ಬಿಚ್ಚಲು ಬಿಡುವುದಿಲ್ಲ. ಪಟ್ಟಿ ಬಿಗಿದಷ್ಟೂ ಟೈರು ರೋಲರಿಗೆ ಅದುಮಿ, ಚಪ್ಪಟೆಯಾಗಿ, ಹೆಚ್ಚು ಶಕ್ತಿಯನ್ನು ನುಂಗುತ್ತದೆ. ಟೈರಿನ ಗಾಳಿ ಕಡಿಮೆಯಿದ್ದರೂ ಇದೇ ಕಥೆ.

ನನ್ನನ್ನು ಹೆಚ್ಚು ಕಾಡಿದ್ದು ಹವಾಮಾನದ ತಿದ್ದುಪಡಿ, ಅಂದರೆ ಆ ದಿನದ ಹವೆಗೆ ತಕ್ಕಂತೆ ಅಳೆದ ಅಂಕಿಯನ್ನು ಸರಿಹೊಂದಿಸುವುದು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ1349 ಎಂಬ ಮಾನದಂಡದ ಸೂತ್ರ ಫಲಿತಾಂಶವನ್ನು 25 ಡಿಗ್ರಿ ಸೆಲ್ಸಿಯಸ್ ಮತ್ತು 990 ಮಿಲಿಬಾರ್ ಒತ್ತಡದ ಒಣಗಾಳಿಯ ಲೆಕ್ಕಕ್ಕೆ ತರುತ್ತದೆ. ಅದಕ್ಕೆ ಉಷ್ಣಾಂಶ ಕೊಡುವ ಸಂವೇದಕವನ್ನು ಒಂದು ಕಡೆ ರೇಡಿಯೇಟರಿನ ಬಿಸಿ ಬಡಿಯುವ ಜಾಗದಲ್ಲಿ ನೇತುಹಾಕಿದ್ದರು. ಅದು 25ರ ಬದಲು 35 ಎಂದು ಓದಿದರೆ ಸೂತ್ರ ಸುಮಾರು 2 ಪ್ರತಿಶತ ಶಕ್ತಿಯನ್ನು ಪುಕ್ಕಟೆಯಾಗಿ ಸೇರಿಸುತ್ತದೆ. 150 ಅಶ್ವಶಕ್ತಿಯ ಕಾರಿಗೆ ಅದು 3. ಈಗ ಸಂವೇದಕ ಎಲ್ಲಿದೆ ಎಂದು ಮೊದಲು ನೋಡುತ್ತೇನೆ, ತಿದ್ದದ ಅಂಕಿಯನ್ನೂ ಕೇಳಿ ಪಡೆಯುತ್ತೇನೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರುಗಳಲ್ಲಿ ಇಸಿಯು ಆ ಒತ್ತಡವನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಅಲ್ಲಿ ಈ ತಿದ್ದುಪಡಿ ಅತಿಯಾಗುವುದುಂಟು.

ಚಕ್ರದ ಅಂಕಿಗೆ 15 ಪ್ರತಿಶತ ಕೂಡಿಸಿ ಎಂಜಿನ್ನಿನ ಶಕ್ತಿ ಎಂದು ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಎಂಜಿನ್ನಿನಿಂದ ಚಕ್ರದವರೆಗೆ ಆಗುವ ಆ ನಷ್ಟವನ್ನು ಅಲ್ಲಿ ಯಾರೂ ಅಳೆದಿರುವುದಿಲ್ಲ.

ಆ ಫಿಲ್ಟರನ್ನು ಮುಂದೆ ಇದೇ ಕ್ರಮದಲ್ಲಿ ಮತ್ತೆ ಪರೀಕ್ಷಿಸಿದೆ. ಅದರ ಗೆರೆ ಹಳೆಯದರ ಮೇಲೆಯೇ ಕೂತಿತು. ಕಾರಿನಲ್ಲಿ ಈಗ ಹಳೆಯ ಫಿಲ್ಟರೇ ಇದೆ.