ಬಿಡುವಿಲ್ಲದ ದಿನಗಳಲ್ಲಿ ಕಥೆ ಬರೆಯುವುದು: ನನ್ನ ಅನುಭವ

ಉದ್ಯೋಗದ ಒತ್ತಡ ಹೆಚ್ಚಿರುವ ತಿಂಗಳುಗಳಲ್ಲಿಯೂ ನಾನು ಕಥೆ ಬರೆಯುವುದನ್ನು ಮುಂದುವರಿಸುತ್ತೇನೆ. ಅಂತಹ ದಿನಗಳಲ್ಲಿ ಕುಳಿತು ಬರೆಯಲು ಸಿಗುವ ಹೊತ್ತು ತೀರ ಕಡಿಮೆ. ಆದರೆ ಕಥೆಯ ಕುರಿತು ಯೋಚಿಸಲು ಸಿಗುವ ಹೊತ್ತು ಅಷ್ಟು ಕಡಿಮೆಯಲ್ಲ. ಬಸ್ಸಿನಲ್ಲಿ ನಿಂತಿರುವಾಗ, ಪಾತ್ರೆ ತೊಳೆಯುವಾಗ, ಸಭೆ ಆರಂಭವಾಗಲೆಂದು ಕಾಯುವಾಗ ಮನಸ್ಸು ಬಿಡುವಾಗಿಯೇ ಇರುತ್ತದೆ. ಆ ಬಿಡುವಿಗೆ ಒಂದು ಪ್ರಶ್ನೆಯನ್ನು ಒದಗಿಸಿಕೊಡುವುದೇ ನಾನು ರೂಢಿಸಿಕೊಂಡಿರುವ ಕ್ರಮ.

ಬೆಳಿಗ್ಗೆ ಹೊರಡುವ ಮುನ್ನ ಅರ್ಧಕ್ಕೆ ನಿಂತಿರುವ ಕಥೆಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ಚೀಟಿಯ ಮೇಲೆ ಬರೆದುಕೊಳ್ಳುತ್ತೇನೆ. ‘ಮುಂದೇನಾಗಬೇಕು?’ ಎಂಬಂತಹ ವಿಶಾಲವಾದ ಪ್ರಶ್ನೆ ದಿನವಿಡೀ ಹೊತ್ತು ತಿರುಗಿದರೂ ಫಲ ಕೊಡುವುದಿಲ್ಲ. ‘ಬಂದಿರುವವನು ಅಣ್ಣನೆಂದು ತಿಳಿದೂ ಅವಳು ಬಾಗಿಲು ತೆರೆಯಲು ತಡಮಾಡಿದ್ದೇಕೆ?’ ಎಂದು ಕೇಳಿಕೊಂಡರೆ, ಕಣ್ಣಿಗೆ ಬೀಳುವ ಸಣ್ಣಪುಟ್ಟ ಸಂಗತಿಗಳೂ ಅದರ ಸುತ್ತ ಸೇರತೊಡಗುತ್ತವೆ. ಈ ಪ್ರಶ್ನೆ ನನ್ನ ಜೇಬಿನಲ್ಲಿದ್ದ ದಿನ, ಸಹೋದ್ಯೋಗಿಯೊಬ್ಬರು ಫೋನ್ ಬಂದ ಕೂಡಲೇ ಎತ್ತದೆ, ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಅಂಚು ಸರಿಹೊಂದಿಸಿ ಜೋಡಿಸಿ, ಆಮೇಲೆ ಎತ್ತಿದ್ದನ್ನು ಗಮನಿಸಿದೆ. ನನ್ನ ಕಥೆಯ ಹೆಂಗಸು ಮಡಿಸುತ್ತಿದ್ದ ಬಟ್ಟೆಯನ್ನು ಪೂರ್ತಿಯಾಗಿ ಮಡಿಸಿಟ್ಟ ನಂತರವೇ ಬಾಗಿಲ ಕಡೆ ನಡೆದದ್ದು ಅಲ್ಲಿಂದ. ಅವಳು ಕೋಪಗೊಂಡಿಲ್ಲ, ಹೇಳಬೇಕಾದ ಮಾತಿಗೆ ಸಿದ್ಧಳಾಗುತ್ತಿದ್ದಾಳೆ ಎಂಬುದು ಆಗ ನನಗೇ ಸ್ಪಷ್ಟವಾಯಿತು. ಹೀಗೆ ಪರಿಚಿತರಿಂದ ಪಡೆಯುವಾಗ ಚರ್ಯೆಯನ್ನಷ್ಟೇ ತೆಗೆದುಕೊಂಡು, ಅವರ ಬದುಕಿನ ವಿವರಗಳನ್ನು ಕಥೆಗೆ ತರದಿರುವುದು ಸರಿಯೆಂದು ನಾನು ಬಲವಾಗಿ ನಂಬಿದ್ದೇನೆ.

ಸೃಜನಶೀಲ ಚಿಂತನೆಯಲ್ಲಿ ಸಿದ್ಧತೆ, ಒಳಗೇ ಮಾಗುವಿಕೆ, ಹೊಳಹು, ಪರಿಶೀಲನೆ ಎಂಬ ನಾಲ್ಕು ಹಂತಗಳಿವೆಯೆಂದು ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ವಿವರಿಸಿದರು. ಇದರಲ್ಲಿ ಮಾಗುವಿಕೆಗಿಂತ ಮೊದಲು ಸಿದ್ಧತೆ ಬರುತ್ತದೆ ಎಂಬುದನ್ನು ಮರೆಯಬಾರದು. ಪ್ರಶ್ನೆಯನ್ನು ಮೊದಲೇ ಹಾಕಿಕೊಳ್ಳದಿದ್ದರೆ ಒಳಗೆ ಮಾಗಲು ಏನೂ ಇರುವುದಿಲ್ಲ.

ಸಾಧ್ಯವಾದಷ್ಟು ದೂರವನ್ನು ನಡೆದೇ ಕ್ರಮಿಸುತ್ತೇನೆ. ವಿಮಾ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದ ಅಮೆರಿಕದ ಕವಿ ವಾಲೇಸ್ ಸ್ಟೀವನ್ಸ್ ಕಚೇರಿಗೆ ನಡೆದು ಹೋಗುವ ದಾರಿಯಲ್ಲಿಯೇ ಕವಿತೆ ಕಟ್ಟುತ್ತಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಖಾಲಿ ಗೋಡೆಗೆ ಮುಖಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಕುಳಿತವರಿಗಿಂತ ಹೆಚ್ಚು ಹೊಸ ಕಲ್ಪನೆಗಳು ಹೊಳೆದವು. ಆದರೆ ಒಂದೇ ಸರಿಯುತ್ತರವಿರುವ ಸಮಸ್ಯೆಗಳಿಗೆ ನಡಿಗೆಯಿಂದ ಪ್ರಯೋಜನವಾಗಲಿಲ್ಲ. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಆದ್ದರಿಂದ ಸಾಧ್ಯತೆಗಳನ್ನು ನಡೆಯುತ್ತಾ ಹುಡುಕಿ, ಅವುಗಳಲ್ಲಿ ಯಾವುದು ಕಥೆಗೆ ಬೇಕೆಂಬುದನ್ನು ಮೇಜಿನ ಮುಂದೆ ಕುಳಿತು ನಿರ್ಧರಿಸುತ್ತೇನೆ.

ಹೊಳೆದದ್ದನ್ನು ಕೂಡಲೇ ಬರೆದಿಡಬೇಕು ಎಂಬ ಸಲಹೆ ಎಲ್ಲರಿಗೂ ತಿಳಿದದ್ದೇ. ಹೇಗೆ ಬರೆದಿಡಬೇಕು ಎಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ‘ಫೋನ್, ಕಾಗದ’ ಎಂದು ಗುರುತು ಹಾಕಿಕೊಂಡರೆ ವಾರದ ನಂತರ ಅದರಿಂದ ಏನೂ ಮರಳಿ ಬರುವುದಿಲ್ಲ. ಯಾರು ಏನು ಮಾಡಿದರು, ಅದು ನನ್ನನ್ನು ಏಕೆ ತಡೆದು ನಿಲ್ಲಿಸಿತು ಎಂಬುದನ್ನು ಪೂರ್ಣ ವಾಕ್ಯದಲ್ಲಿ ಬರೆಯುತ್ತೇನೆ. ಬರೆಯಲಾಗದ ಕಡೆ ಫೋನಿನಲ್ಲಿ ಹೇಳಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ಎಷ್ಟೋ ಬಾರಿ ಆ ವಾಕ್ಯವೇ ಹೆಚ್ಚಿನ ತಿದ್ದುಪಡಿಯಿಲ್ಲದೆ ಕಥೆಯೊಳಗೆ ಸೇರಿದೆ.

ರಾತ್ರಿ ಬರೆಯಲು ಕುಳಿತಾಗ, ಮುಂದಿನ ವಾಕ್ಯ ಯಾವುದೆಂದು ಗೊತ್ತಿರುವ ಕಡೆ ನಿಲ್ಲಿಸುತ್ತೇನೆ. ಮರುದಿನದ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಂದಲೇ ಹುಟ್ಟುತ್ತದೆ. ವಾರದ ಕೊನೆಯಲ್ಲಿ ಚೀಟಿಗಳನ್ನೆಲ್ಲ ಓದಿ, ಈಗಿನ ಕಥೆಗೆ ಹೊಂದದವುಗಳನ್ನು ದಿನಾಂಕ ಹಾಕಿ ಬೇರೊಂದು ಪುಸ್ತಕಕ್ಕೆ ಇಳಿಸುತ್ತೇನೆ. ಹೊಸ ಕಥೆಯನ್ನು ಆರಂಭಿಸಬೇಕಾದಾಗ ನಾನು ಮೊದಲು ತೆರೆಯುವುದು ಆ ಪುಸ್ತಕವನ್ನು.