ಲೋಟದ ನೀರು ಮತ್ತು ಪುಷ್ಯರಾಗ

ನಮ್ಮಪ್ಪನ ಪಾಲಿಗೆ ಹಳದಿ ಬಣ್ಣದ, ಬೆಳಕು ಹಾಯುವ ಹರಳು ಯಾವುದಾದರೂ ಸರಿ, ಅದು ಪುಷ್ಯರಾಗ. ನಗರ್ತಪೇಟೆಯ ಮಹಡಿ ಮೇಲಿನ ಅದೇ ಕೋಣೆಯಲ್ಲಿ ಉಂಗುರಕ್ಕೆ ಹರಳು ಕೂರಿಸುತ್ತಾ ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಅದಕ್ಕೇ ಒಬ್ಬ ಅಜ್ಜಿ ಯಜಮಾನರ ಹಳೇ ಉಂಗುರ ತಂದು, ಹರಳನ್ನು ಹೊಸ ಚಿನ್ನಕ್ಕೆ ಹಾಕಿಕೊಡು ಅಂದು, "ಇದು ಕನಕ ಪುಷ್ಯರಾಗ ತಾನೇನಪ್ಪಾ?" ಎಂದು ಕೇಳಿದಾಗ ನಾನು ತಲೆ ಎತ್ತದೆ "ಹೌದಮ್ಮ" ಅಂದುಬಿಟ್ಟೆ.

ತಿಂಗಳಾದ ಮೇಲೆ ಮಗನನ್ನು ಕರಕೊಂಡು ಬಂದರು. ಕೈಯಲ್ಲಿ ಲ್ಯಾಬ್ ವರದಿ: ಸಿಟ್ರಿನ್, ಅಂದರೆ ಪುಷ್ಯರಾಗವೇ ಅಲ್ಲ. "ನೀನು ಬದಲಾಯಿಸಿದೆ ಅಂತ ಹೇಳ್ತಿಲ್ಲಪ್ಪ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ಮಾತು ಪೂರ್ತಿ ಬೈಗುಳಕ್ಕಿಂತ ಚುಚ್ಚಿತು. ಪುಣ್ಯಕ್ಕೆ ಅವರ ಹಳೇ ಬಿಲ್ಲಿನಲ್ಲಿ ಹರಳಿನ ತೂಕ ಬರೆದಿತ್ತು, 5.30 ಕ್ಯಾರೆಟ್. ಲ್ಯಾಬಿನಲ್ಲೂ ಅಷ್ಟೇ ಬಂದಿತ್ತು. ಆ ಬಿಲ್ಲಿನಲ್ಲಿ ಹರಳಿನ ಹೆಸರು 'ಗೋಲ್ಡನ್ ಟೋಪಾಜ್' ಎಂದಿತ್ತು! ಕದ್ದಿಲ್ಲ ಅನ್ನುವುದು ಖಚಿತವಾಯಿತು, ಆದರೆ ನೋಡದೆ "ಹೌದಮ್ಮ" ಅಂದಿದ್ದು ನಾನೇ.

ಗೊಂದಲ ಹೆಸರಿನಲ್ಲೇ ಇದೆ. ನಿಘಂಟು ತೆಗೆದರೆ ಪುಷ್ಯರಾಗ ಅಂದರೆ ಟೋಪಾಜ್. ಅಂಗಡಿಯಲ್ಲಿ ಗುರುಬಲಕ್ಕೆಂದು ಕೇಳುವ ಕನಕ ಪುಷ್ಯರಾಗ ಹಳದಿ ನೀಲಮಣಿ (ಯೆಲ್ಲೋ ಸಫೈರ್), ಅಂದರೆ ಕುರುಂದ ಎಂಬ ಖನಿಜದ ಜಾತಿ. ಇವೆರಡರ ನಡುವೆ ನುಸುಳುವುದು ಸಿಟ್ರಿನ್. ಅದು ಸ್ಫಟಿಕದ (ಕ್ವಾರ್ಟ್ಜ್) ಜಾತಿ, ಅಜ್ಜಿಯ ಬಿಲ್ಲಿನ 'ಗೋಲ್ಡನ್ ಟೋಪಾಜ್' ಇದೇ. ಬಹಳಷ್ಟು ಸಿಟ್ರಿನ್ ನೇರಳೆ ಅಮೆಥಿಸ್ಟನ್ನು ಕಾಯಿಸಿ ಹಳದಿ ಮಾಡಿದ್ದು. 'ಸ್ಮೋಕಿ ಟೋಪಾಜ್' ಎಂದು ಮಾರುವುದೂ ಸಾಮಾನ್ಯವಾಗಿ ಕಂದು ಸ್ಫಟಿಕವೇ. ಟೋಪಾಜ್, ಕುರುಂದ, ಸ್ಫಟಿಕ ಮೂರೂ ಬೇರೆ ಬೇರೆ ಖನಿಜ, ಬೆಲೆಯಲ್ಲಿ ಅಜಗಜಾಂತರ, ಕಣ್ಣಿಗೆ ಮಾತ್ರ ಒಂದೇ ಹಳದಿ.

ಈಗ ನಾನು ಮಾಡುವುದು ಇಷ್ಟು. ಉಂಗುರದಿಂದ ಬಿಡಿಸಿದ ಹರಳನ್ನು ಒರೆಸಿ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತೇನೆ. ಆಮೇಲೆ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡುತ್ತೇನೆ. ಹರಳನ್ನು ತೆಳು ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರೊಳಗೆ ಇಳಿಬಿಡಬೇಕು. ಆಗ ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ, ಅಂದರೆ ಹರಳು ನೀರಿನ ಎಷ್ಟು ಪಟ್ಟು ಭಾರ ಅನ್ನುವುದು ಸಿಕ್ಕಿತು. ಅಜ್ಜಿಯ ಹರಳನ್ನೇ ಕೇಳಿ ತೆಗೆದುಕೊಂಡು ತೂಗಿದ್ದೆ: ಗಾಳಿಯಲ್ಲಿ 5.30, ನೀರಿಗಿಳಿದಾಗ 2.00. ಭಾಗಿಸಿದರೆ 2.65, ಅಚ್ಚ ಸ್ಫಟಿಕ. ಅಷ್ಟೇ ಗಾತ್ರದ ಟೋಪಾಜ್ ಆಗಿದ್ದರೆ 7 ಕ್ಯಾರೆಟ್ ದಾಟುತ್ತಿತ್ತು, ಅದರ ಸಾಂದ್ರತೆ 3.5ರ ಆಸುಪಾಸು. ಹಳದಿ ನೀಲಮಣಿಯಾದರೆ 8, ಸಾಂದ್ರತೆ 4. ಮೊದಮೊದಲು ನನಗೆ ಲೆಕ್ಕ ತಪ್ಪುತ್ತಿತ್ತು, ಹರಳಿಗೆ ಅಂಟಿದ ಗಾಳಿಗುಳ್ಳೆಯಿಂದ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟ ಮೇಲೆ ಸರಿಹೋಯಿತು. ಒಂದು ಕ್ಯಾರೆಟ್‌ಗಿಂತ ಚಿಕ್ಕ ಹರಳಿಗೆ ಈ ಆಟ ನಡೆಯದು.

ಇದೇ ಕೊನೆಯ ತೀರ್ಪಲ್ಲ. ಗಾಜಿನ ಸಾಂದ್ರತೆ ಹೇಗೆ ಬೇಕಾದರೂ ಇರಬಹುದು. ಕಾರ್ಖಾನೆಯಲ್ಲಿ ಬೆಳೆಸಿದ ನೀಲಮಣಿಯೂ 4 ಎಂದೇ ತೋರಿಸುತ್ತದೆ. ಹಾಗಾಗಿ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಒಳಗೆ ಕೃತಕ ಹರಳಿನ ಗುರುತಾದ ದುಂಡನೆಯ ಗುಳ್ಳೆ ಹುಡುಕುತ್ತೇನೆ, ದುಬಾರಿ ಹರಳಾದರೆ ಲ್ಯಾಬಿಗೆ ಹೋಗಿ ಅನ್ನುತ್ತೇನೆ. ಉಂಗುರದಲ್ಲಿ ಕೂತಿದ್ದನ್ನು ತೂಗಲಾಗದು. ಅದಕ್ಕೆಂದೇ ಆಮೇಲೊಂದು ರಿಫ್ರಾಕ್ಟೋಮೀಟರ್ ಕೊಂಡೆ, ಹರಳಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ಸಾಧನ. ಅದರಲ್ಲಿ ಟೋಪಾಜ್ 1.62ರ ಹತ್ತಿರ, ಸಿಟ್ರಿನ್ 1.55ರ ಹತ್ತಿರ.

ನಿಜವಾದ ಟೋಪಾಜ್ ಕೈಗೆ ಬಂದರೆ ಬೇರೆ ಭಯ. ಮೋಸ್ ಅಳತೆಯಲ್ಲಿ ಗಡಸುತನ 10ಕ್ಕೆ 8, ಸುಲಭಕ್ಕೆ ಗೀರು ಬೀಳದು. ಆದರೆ ಗೀರಿಗೆ ಬಗ್ಗದ್ದು ಪೆಟ್ಟಿಗೂ ಬಗ್ಗದು ಅಂದುಕೊಂಡಿದ್ದೆ ನೋಡಿ, ಅಲ್ಲಿ ಎಡವಿದೆ. ನೀರಹನಿ ಆಕಾರದ ನೀಲಿ ಟೋಪಾಜ್ ಪೆಂಡೆಂಟ್. ತುದಿಯ ಪ್ರಾಂಗ್ (ಹರಳನ್ನು ಹಿಡಿದಿಡುವ ಲೋಹದ ಕೊಕ್ಕೆ) ಒತ್ತುವಾಗ 'ಟಿಕ್' ಅಂತು. ತುದಿ ಹಾರಿಹೋಗಿತ್ತು, ಒಡೆದ ಜಾಗ ಪಾಲಿಶ್ ಮಾಡಿದಷ್ಟು ನುಣುಪು. ಟೋಪಾಜಿನಲ್ಲಿ ಒಂದು ದಿಕ್ಕಿಗೆ ಪದರ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಸೌದೆಯನ್ನು ಎಳೆ ನೋಡಿ ಸೀಳಿದ ಹಾಗೆ. ಹರಳು ಕೊಯ್ಯುವವರು ಮೇಲ್ಮುಖವನ್ನು ಆ ಪದರದಿಂದ ಕೆಲವು ಡಿಗ್ರಿ ವಾಲಿಸಿಕೊಳ್ಳುತ್ತಾರೆ, ಪದರಕ್ಕೆ ಸಮವಾಗಿ ಉಜ್ಜಿದರೆ ಪಾಲಿಶ್ ಹಿಡಿಯುವುದೇ ಇಲ್ಲವಂತೆ. ಆ ಹರಳಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ಈಗ ಟೋಪಾಜ್ ಇದ್ದರೆ ಎದುರುಬದುರಿನ ಪ್ರಾಂಗ್‌ಗಳನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತೇನೆ. ಹರಳು ಇರುವಾಗ ಬೆಸುಗೆಯ ಉರಿ ಹತ್ತಿರ ತರುವುದಿಲ್ಲ, ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕುವುದಿಲ್ಲ. ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬ್ರಷ್, ಅಷ್ಟು ಸಾಕು.

ನೀಲಿ ಟೋಪಾಜ್ ಅಂದರೆ ಭೂಮಿಯಿಂದ ನೀಲಿಯಾಗೇ ಬಂದದ್ದು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಣ್ಣವಿಲ್ಲದ ಟೋಪಾಜಿಗೆ ವಿಕಿರಣ ಹಾಯಿಸಿ, ಕಾಯಿಸಿ ಮಾಡಿದ್ದು. ತಿಳಿ ನೀಲಿಯದು ಸ್ಕೈ ಬ್ಲೂ, ಢಾಳಾದದ್ದು ಸ್ವಿಸ್ ಬ್ಲೂ, ಮಸಿ ಬೆರೆತಂತಿರುವುದು ಲಂಡನ್ ಬ್ಲೂ. ವಿಕಿರಣದ ಅಂಶ ಮಿತಿಗಿಳಿಯುವ ತನಕ ಹರಳನ್ನು ಎತ್ತಿಟ್ಟು ಆಮೇಲೆ ಮಾರಬೇಕೆಂಬ ನಿಯಮವಿದೆ, ಬಣ್ಣವೂ ಮಾಸದೆ ನಿಲ್ಲುತ್ತದೆ. ಕಾಮನಬಿಲ್ಲಿನಂತೆ ಹೊಳೆಯುವ ಮಿಸ್ಟಿಕ್ ಟೋಪಾಜಿನದು ಮಾತ್ರ ಮೇಲಿನ ಲೇಪ, ಪಾಲಿಶ್ ಚಕ್ರಕ್ಕೆ ಹಿಡಿದರೆ ಬಣ್ಣ ಹೋಯಿತು. ಟೋಪಾಜುಗಳಲ್ಲಿ ರಾಜ ಅಂದರೆ ಬ್ರೆಜಿಲ್‌ನ ಔರೋ ಪ್ರೆಟೋ ಸುತ್ತಲಿನ ಇಂಪೀರಿಯಲ್, ಮಾಗಿದ ಹಣ್ಣಿನ ಕೇಸರಿ-ಗುಲಾಬಿ. ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಒಂದೇ ಒಂದು ಬಂದಿತ್ತು. ನಾನು ಕೂರಿಸಲಿಲ್ಲ, ನನಗಿಂತ ಕೈ ಹಗುರವಾಗಿರುವ ಚಿಕ್ಕಪ್ಪನಿಗೆ ಕೊಟ್ಟೆ.

ಅಜ್ಜಿ ಈಗಲೂ ಬರುತ್ತಾರೆ. ಹೋದ ಸಲ ಮೊಮ್ಮಗಳ ಓಲೆ ತಂದಿದ್ದರು. ಹರಳು ಬಿಡಿಸಿ, ಅವರೆದುರೇ ತೂಗಿ ಚೀಟಿ ಬರೆದುಕೊಟ್ಟೆ. ಅದನ್ನು ಕನ್ನಡಕ ಹಾಕಿಕೊಂಡು ಓದಿ, ಮಡಚಿ, ಪರ್ಸಿಗೆ ಹಾಕಿಕೊಂಡು, "ಲೋಟದಲ್ಲಿ ಅದ್ದಲಿಲ್ವಲ್ಲಪ್ಪಾ ಇನ್ನೂ?" ಅಂದರು.