ಮೊದಲು ಪಾಸ್‌ಪೋರ್ಟ್, ಆಮೇಲೆ ಜಿಆರ್‌ಇ, ಕೊನೆಗೆ ಇಂಗ್ಲಿಷ್: ವಿದೇಶದ ಎಂ.ಎಸ್.ಗೆ ಪರೀಕ್ಷೆಗಳ ಲೆಕ್ಕಾಚಾರ

ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಓಡಾಡಲು ಶುರುವಾಗುತ್ತದೆ. ವಿದೇಶಕ್ಕೆ ಎಂ.ಎಸ್., ಅಂದರೆ ಸ್ನಾತಕೋತ್ತರ ಪದವಿ ಓದಲು ಹೋಗುವುದಾದರೆ ಯಾವ ಎಕ್ಸಾಂ ಬರೆಯಬೇಕು? ಒಬ್ಬ ಸೀನಿಯರ್ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಅನ್ನುತ್ತಾನೆ. ಇನ್ನೊಬ್ಬ ಗಣಿತ, ಭಾಷೆ ಎರಡನ್ನೂ ಅಳೆಯುವ ಪ್ರವೇಶ ಪರೀಕ್ಷೆ ಜಿಆರ್‌ಇ ಅನ್ನುತ್ತಾನೆ. ಕನ್ಸಲ್ಟೆನ್ಸಿಯವರು ಎರಡಕ್ಕೂ ಕೋಚಿಂಗ್ ಸೇರಿಕೊಳ್ಳಿ ಅನ್ನುತ್ತಾರೆ. ಎಷ್ಟೋ ಜನ ದುಡ್ಡು ಕಟ್ಟಿ, ಪರೀಕ್ಷೆ ಬರೆದು, ಆಮೇಲೆ ಯೂನಿವರ್ಸಿಟಿ ಹುಡುಕಲು ಕೂರುತ್ತಾರೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ, ಇಲ್ಲವೇ ಬರೆದ ಪರೀಕ್ಷೆಯನ್ನು ಆ ಕೋರ್ಸ್ ಕೇಳುವುದೇ ಇಲ್ಲ.

ಜಿಆರ್‌ಇ ಶುಲ್ಕವೇ 20 ಸಾವಿರ ರೂಪಾಯಿ ದಾಟುತ್ತದೆ. ಐಇಎಲ್‌ಟಿಎಸ್‌ಗೆ 15 ಸಾವಿರಕ್ಕೂ ಜಾಸ್ತಿ. ಒಂದೊಂದನ್ನು ಎರಡೆರಡು ಸಲ ಬರೆದರೆ ಒಂದು ಸೆಮಿಸ್ಟರ್‌ನ ಹಾಸ್ಟೆಲ್ ಖರ್ಚಿಗಿಂತ ಹೆಚ್ಚಾಗಬಹುದು. ಆದ್ದರಿಂದ ಓದುವ ಮೊದಲು ಕ್ಯಾಲೆಂಡರ್ ಹಾಕಿಕೊಳ್ಳಬೇಕು.

ಕೋರ್ಸ್ ಮೊದಲು, ಪರೀಕ್ಷೆ ಆಮೇಲೆ

ಮೊದಲ ಕೆಲಸಕ್ಕೆ ಖರ್ಚಿಲ್ಲ. ಎಂಟು-ಹತ್ತು ಕೋರ್ಸುಗಳನ್ನು ಆರಿಸಿ, ಪ್ರತಿಯೊಂದರ ಅಡ್ಮಿಷನ್ ಪುಟವನ್ನು ಓದಿ. ಯೂನಿವರ್ಸಿಟಿಯ ಪುಟ ಸಾಲದು, ಡಿಪಾರ್ಟ್‌ಮೆಂಟ್‌ನದೇ ಪುಟ ಬೇಕು. ಒಂದೇ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್‌ನವರು ಜಿಆರ್‌ಇ ಕೇಳಬಹುದು, ಕಂಪ್ಯೂಟರ್ ಸೈನ್ಸ್‌ನವರು ಬೇಡ ಅನ್ನಬಹುದು.

ಜಿಆರ್‌ಇ ಬಗ್ಗೆ ಅಲ್ಲಿ ನಾಲ್ಕು ಬಗೆಯ ಮಾತು ಸಿಗುತ್ತದೆ. ಬೇಕೇ ಬೇಕು, ಕೊಟ್ಟರೆ ಕೊಡಿ, ಬೇಕಿಲ್ಲ, ಕೊಟ್ಟರೂ ನೋಡುವುದಿಲ್ಲ. ತಲೆ ಕೆಡಿಸುವುದು ಎರಡನೆಯದು. ನನ್ನ ಅಭಿಪ್ರಾಯ ಹೀಗಿದೆ: ಸಿಜಿಪಿಎ ಸಾಧಾರಣ ಇದ್ದು, ಕಾಲೇಜಿನ ಹೆಸರು ಅಲ್ಲಿಯವರಿಗೆ ಗೊತ್ತಿರುವ ಸಾಧ್ಯತೆ ಕಡಿಮೆ ಇದ್ದರೆ ಜಿಆರ್‌ಇಯ ಗಣಿತ ಭಾಗವಾದ ಕ್ವಾಂಟ್‌ನಲ್ಲಿ ಒಳ್ಳೆಯ ಅಂಕ ಉಪಯೋಗಕ್ಕೆ ಬರುತ್ತದೆ. ಸಿಜಿಪಿಎ 9ರ ಮೇಲಿದ್ದು, ಪಟ್ಟಿಯಲ್ಲಿರುವ ಯಾರೂ ಕಡ್ಡಾಯ ಮಾಡಿಲ್ಲ ಎಂದಾದರೆ ಸುಮ್ನೆ ದುಡ್ಡು ಸುರಿಯಬೇಡಿ.

ದೇಶಕ್ಕೆ ತಕ್ಕಂತೆ ಲೆಕ್ಕವೂ ಬದಲಾಗುತ್ತದೆ. ಬ್ರಿಟನ್, ಐರ್ಲೆಂಡ್ ಮತ್ತು ಆಸ್ಟ್ರೇಲಿಯಾದ ಹೆಚ್ಚಿನ ಕೋರ್ಸುಗಳು ಜಿಆರ್‌ಇ ಕೇಳುವುದಿಲ್ಲ, ಇಂಗ್ಲಿಷ್ ಪರೀಕ್ಷೆ ಸಾಕು. ಜರ್ಮನಿಯಲ್ಲಿ ಕೆಲವು ಕೋರ್ಸುಗಳು ಮಾತ್ರ ಜಿಆರ್‌ಇ ಕೇಳುತ್ತವೆ. ಆದರೆ ಅಲ್ಲಿಗೆ ಹೋಗುವ ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಂಕಪಟ್ಟಿಗಳ ಪರಿಶೀಲನೆ ನಡೆಯುವುದರಿಂದ ಅದಕ್ಕೆ ಸಮಯ ಹಿಡಿಯುತ್ತದೆ, ಅದನ್ನೂ ಕ್ಯಾಲೆಂಡರ್‌ಗೆ ಸೇರಿಸಿ. ಎಂಬಿಎ ಆಸೆ ಇರುವವರಿಗೆ ಜಿಮ್ಯಾಟ್ ಇದೆ. ಈಗಿನ ರೂಪದಲ್ಲಿ ಅದು 2 ಗಂಟೆ 15 ನಿಮಿಷದ ಪರೀಕ್ಷೆ, ಅಂಕ 205ರಿಂದ 805. ಎಷ್ಟೋ ಬಿಸಿನೆಸ್ ಸ್ಕೂಲುಗಳು ಅದರ ಬದಲು ಜಿಆರ್‌ಇ ಕೂಡ ಒಪ್ಪುತ್ತವೆ.

ಪಾಸ್‌ಪೋರ್ಟ್ ಮತ್ತು ಇನಿಷಿಯಲ್ ತಕರಾರು

ಪಾಸ್‌ಪೋರ್ಟ್ ಇಲ್ಲದೆ ಪರೀಕ್ಷೆ ಬುಕ್ ಮಾಡಲು ಹೋಗಬೇಡಿ. ಐಇಎಲ್‌ಟಿಎಸ್‌ಗೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದೇ ಅದು. ತುಮಕೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ಕೆಲಸ ಆಗುವುದರಿಂದ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಪೊಲೀಸ್ ವೆರಿಫಿಕೇಷನ್ ನಿಮ್ಮ ಊರಿನ ಠಾಣೆಯಿಂದ ನಡೆಯುತ್ತದೆ. ಹಾಸ್ಟೆಲ್‌ನಲ್ಲಿ ಇರುವವರು ಯಾವ ವಿಳಾಸ ಕೊಡುತ್ತೇವೆ ಎಂಬುದನ್ನು ಮೊದಲೇ ಯೋಚಿಸಿಕೊಳ್ಳಿ.

ನಮ್ಮ ಕಡೆಯವರಿಗೆ ನಿಜವಾದ ಕಿರಿಕಿರಿ ಇನಿಷಿಯಲ್‌ಗಳದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಟಿ.ಎನ್. ಅಂತ ಇರುತ್ತದೆ. ಟಿ ಅಂದರೆ ತಿಪಟೂರು, ಎನ್ ಅಂದರೆ ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿ ಬರೆಯಬೇಕು. ಹೀಗಾಗಿ ಒಬ್ಬನೇ ಹುಡುಗನಿಗೆ ಎರಡು ಕಡೆ ಎರಡು ಹೆಸರು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ಇದ್ದ ಹಾಗೆ, ಅದೇ ಸ್ಪೆಲಿಂಗ್‌ನಲ್ಲಿ ಇರಬೇಕು. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಕೇಂದ್ರದ ಬಾಗಿಲಲ್ಲೇ ವಾಪಸ್ ಕಳಿಸಬಹುದು, ಕಟ್ಟಿದ ದುಡ್ಡೂ ಹೋಗುತ್ತದೆ. ಯೂನಿವರ್ಸಿಟಿ ಅರ್ಜಿಯಲ್ಲೂ ಪಾಸ್‌ಪೋರ್ಟ್ ಹೆಸರನ್ನೇ ಬಳಸಿ. ಅಂಕಪಟ್ಟಿಯ ಹೆಸರಿಗೂ ಇದಕ್ಕೂ ಇರುವ ವ್ಯತ್ಯಾಸಕ್ಕೆ ನೋಟರಿಯ ಹತ್ತಿರ ಎರಡೂ ಒಬ್ಬರದ್ದೇ ಹೆಸರು ಎಂಬ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಜಿಆರ್‌ಇ ಯಾಕೆ ಮೊದಲು?

ಜಿಆರ್‌ಇ ಅಂಕಕ್ಕೆ 5 ವರ್ಷ ಆಯಸ್ಸು. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಮತ್ತು ಪಿಟಿಇ ಅಂಕಗಳಿಗೆ 2 ವರ್ಷ. ಇದೊಂದು ವ್ಯತ್ಯಾಸವೇ ಯಾವುದು ಮೊದಲು ಅನ್ನುವುದನ್ನು ತೀರ್ಮಾನಿಸುತ್ತದೆ. ಓದು ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಆಮೇಲೆ ಹೋಗೋಣ ಎಂದುಕೊಂಡವರು ಈಗಲೇ ಐಇಎಲ್‌ಟಿಎಸ್ ಬರೆದರೆ ಅದು ಬಳಸುವ ಹೊತ್ತಿಗೆ ಸತ್ತಿರುತ್ತದೆ. ಜಿಆರ್‌ಇ ಹಾಗಲ್ಲ. ಗಣಿತ ಇನ್ನೂ ಬೆರಳ ತುದಿಯಲ್ಲಿ ಇರುವಾಗ, ಅಂದರೆ ಕಾಲೇಜಿನಲ್ಲಿ ಇರುವಾಗಲೇ ಮುಗಿಸಿಬಿಡುವುದು ಒಳ್ಳೆಯದು. ಆಫೀಸಿಂದ ರಾತ್ರಿ ಎಂಟಕ್ಕೆ ಬಂದು ಓದುವುದು ಹೇಳಿದಷ್ಟು ಸುಲಭವಲ್ಲ.

ಪರೀಕ್ಷೆಯೂ ಮೊದಲಿನಷ್ಟು ಉದ್ದವಿಲ್ಲ. 2023ರ ಸೆಪ್ಟೆಂಬರ್‌ನಿಂದ ಅದು 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಮೊದಲಿಗೆ 30 ನಿಮಿಷದ ಒಂದು ಪ್ರಬಂಧ. ಆಮೇಲೆ ವರ್ಬಲ್ (ಭಾಷೆಯ ಭಾಗ) 27 ಪ್ರಶ್ನೆ, ಕ್ವಾಂಟ್ 27 ಪ್ರಶ್ನೆ, ಎರಡೂ ಎರಡೆರಡು ಭಾಗಗಳಲ್ಲಿ. ಪ್ರತಿಯೊಂದಕ್ಕೂ ಅಂಕ 130ರಿಂದ 170. ಮೊದಲ ಭಾಗ ಚೆನ್ನಾಗಿ ಮಾಡಿದರೆ ಎರಡನೆಯ ಭಾಗ ಕಷ್ಟ ಬರುತ್ತದೆ. ಗಾಬರಿ ಬೀಳಬೇಡಿ, ಅದು ಒಳ್ಳೆಯ ಸೂಚನೆ.

ಕ್ವಾಂಟ್‌ನಲ್ಲಿ ಟ್ರಿಗನಾಮೆಟ್ರಿ ಇಲ್ಲ, ಕ್ಯಾಲ್ಕುಲಸ್ ಇಲ್ಲ. ಶೇಕಡಾವಾರು, ಅನುಪಾತ, ಬೀಜಗಣಿತ, ರೇಖಾಗಣಿತ, ಸಂಭವನೀಯತೆ, ಗ್ರಾಫ್ ಓದುವುದು, ಇಷ್ಟೇ. ಸಿಇಟಿ ಬರೆದು ಬಂದವರಿಗೆ ಹೊಸದೇನೂ ಇಲ್ಲ. ಆದರೆ ಪ್ರಶ್ನೆಯನ್ನು ಅರೆಬರೆ ಓದಿ ತಪ್ಪು ಮಾಡುವವರು ಜಾಸ್ತಿ. ಇದಕ್ಕೆ ಕೋಚಿಂಗ್ ಬೇಕು ಎಂದು ನನಗೆ ಅನ್ನಿಸುವುದಿಲ್ಲ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಪೂರ್ತಿ ಅಣಕು ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತದೆ. ಒಂದನ್ನು ತಯಾರಿಯ ಶುರುವಿನಲ್ಲೇ ಬರೆಯಿರಿ, ಎಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಇನ್ನೊಂದನ್ನು ಪರೀಕ್ಷೆಗೆ ಹತ್ತು ದಿನ ಇರುವಾಗ ಬರೆಯಿರಿ.

ವರ್ಬಲ್ ಬೇರೆ ಕಥೆ. ಸಾವಿರಾರು ಪದಗಳ ಪಟ್ಟಿ ಉರುಹೊಡೆಯುವುದು ಹಳೆಯ ಚಾಳಿ. ಪದ ಗೊತ್ತಿದ್ದೂ ವಾಕ್ಯದ ಧಾಟಿ ಹಿಡಿಯಲಾಗದೆ ಅಂಕ ಬಿಡುವವರೇ ಹೆಚ್ಚು. ದಿನಕ್ಕೊಂದು ಉದ್ದದ ಇಂಗ್ಲಿಷ್ ಲೇಖನ ಓದಿ, ಬರೆದವನ ನಿಲುವು ಏನು ಎಂದು ಒಂದೇ ವಾಕ್ಯದಲ್ಲಿ ಬರೆದಿಡಿ. ಇದನ್ನು ಎರಡು ತಿಂಗಳು ಬಿಡದೆ ಮಾಡಿದರೆ ಪದಗಳೂ ಜತೆಯಲ್ಲೇ ಬರುತ್ತವೆ.

ಹಿಂದಿನಿಂದ ಎಣಿಸಿ

ಅಮೆರಿಕದ ಆಗಸ್ಟ್ ಪ್ರವೇಶಕ್ಕೆ ಹೆಚ್ಚಿನ ಕೋರ್ಸುಗಳ ಕೊನೆಯ ದಿನ ಹಿಂದಿನ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಬರುತ್ತದೆ. ಪಿಎಚ್.ಡಿ. ಆದರೆ ಡಿಸೆಂಬರ್ ಮೊದಲ ಎರಡು ವಾರದಲ್ಲೇ. ಒಂದು ಉದಾಹರಣೆಗೆ ಡಿಸೆಂಬರ್ 15 ಎಂದು ಇಟ್ಟುಕೊಳ್ಳೋಣ.

ಜಿಆರ್‌ಇ ಅಧಿಕೃತ ಅಂಕ ಬರಲು 8ರಿಂದ 10 ದಿನ. ಅದು ಯೂನಿವರ್ಸಿಟಿಗೆ ತಲುಪಲು ಇನ್ನಷ್ಟು ದಿನ. ಹಾಗಾಗಿ ಕೊನೆಯ ಅವಕಾಶ ನವೆಂಬರ್ ಮಧ್ಯ. ಒಮ್ಮೆ ಬರೆದ ಮೇಲೆ ಮತ್ತೆ ಬರೆಯಲು 21 ದಿನ ಕಾಯಬೇಕು, 12 ತಿಂಗಳಲ್ಲಿ 5 ಸಲ ಮಾತ್ರ ಅವಕಾಶ. 21 ದಿನದಲ್ಲಿ ಯಾರೂ ದೊಡ್ಡದಾಗಿ ಸುಧಾರಿಸುವುದಿಲ್ಲ, ಆರು ವಾರ ಬೇಕು. ಅಂದರೆ ಮೊದಲ ಪ್ರಯತ್ನ ಸೆಪ್ಟೆಂಬರ್ ಕೊನೆಗೆ ಆಗಿರಬೇಕು. ಆದರೆ ಏಳನೇ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್, ಪ್ರಾಜೆಕ್ಟ್, ಕ್ಯಾಂಪಸ್ ಪ್ಲೇಸ್‌ಮೆಂಟ್ ಎಲ್ಲವೂ ಒಟ್ಟಿಗೆ ಬಂದು ಮೈಮೇಲೆ ಬೀಳುತ್ತವೆ. ಆದ್ದರಿಂದ ಆರನೇ ಸೆಮಿಸ್ಟರ್ ಮುಗಿದ ರಜೆಯಲ್ಲೇ ಓದಿ, ಸೆಮಿಸ್ಟರ್ ಬಿಸಿ ಏರುವ ಮೊದಲೇ ಬರೆಯುವುದು ಜಾಣತನ. ಇಂಗ್ಲಿಷ್ ಪರೀಕ್ಷೆಯನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಜಿಆರ್‌ಇ ಓದಿದ ಮೇಲೆ ಇಂಗ್ಲಿಷ್ ಪರೀಕ್ಷೆಯ ರೀಡಿಂಗ್ ಭಾಗ ಹಗುರ ಅನ್ನಿಸುತ್ತದೆ, ಇದು ಇನ್ನೊಂದು ಲಾಭ.

ವಿಟಿಯು ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕದ ಅಧಿಕೃತ ದಾಖಲೆ, ಬೆಳಗಾವಿಯಿಂದ ಬರಬೇಕು ಎಂಬುದು ನೆನಪಿರಲಿ. ಹೆಚ್ಚಿನ ಯೂನಿವರ್ಸಿಟಿಗಳು ಅರ್ಜಿ ಹಂತದಲ್ಲಿ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಸಾಕು ಅನ್ನುತ್ತವೆ, ಎಲ್ಲವೂ ಅಲ್ಲ.

ಇಂಗ್ಲಿಷ್: ಯಾವ ಪರೀಕ್ಷೆ, ಎಲ್ಲಿ ಎಡವುತ್ತೇವೆ

ಬುಕ್ ಮಾಡುವ ಮೊದಲು ವಿನಾಯಿತಿ ಇದೆಯಾ ಕೇಳಿ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಓದಿದ್ದೇವೆ ಎಂದು ಕಾಲೇಜು ಕೊಡುವ ಪತ್ರವನ್ನು ಕೆಲವರು ಒಪ್ಪುತ್ತಾರೆ. ಬ್ರಿಟನ್‌ನ ಕೆಲವು ಯೂನಿವರ್ಸಿಟಿಗಳು ದ್ವಿತೀಯ ಪಿಯು ಇಂಗ್ಲಿಷ್ ಅಂಕವನ್ನೇ ನೋಡುತ್ತವೆ. ಒಂದು ಇಮೇಲ್‌ನಿಂದ 15 ಸಾವಿರ ಉಳಿದರೆ ಬೇಡವಾ?

ಐಇಎಲ್‌ಟಿಎಸ್ ಅಂಕವನ್ನು ಹೆಚ್ಚಿನ ದೇಶಗಳ ಯೂನಿವರ್ಸಿಟಿಗಳು ಒಪ್ಪುತ್ತವೆ. ಅದರ ಎರಡು ಬಗೆಗಳಲ್ಲಿ ಎಂ.ಎಸ್.ಗೆ ಬೇಕಾದದ್ದು ಅಕಾಡೆಮಿಕ್, ಜನರಲ್ ಅಲ್ಲ. ಟೋಫೆಲ್ ಪೂರ್ತಿ ಕಂಪ್ಯೂಟರ್ ಮುಂದೆ ನಡೆಯುತ್ತದೆ. 2026ರ ಜನವರಿ 21ರಿಂದ ಅದರ ಅಂಕದ ಅಳತೆ 1ರಿಂದ 6ಕ್ಕೆ ಬದಲಾಗಿದೆ. ಸೀನಿಯರ್‌ಗಳು 120ಕ್ಕೆ 100 ಬಂತು ಎಂದು ಹೇಳುವುದು ಹಳೆಯ ಅಳತೆ, ಅವರ ಪುಸ್ತಕಗಳೂ ಹಳೆಯವೇ. ಪಿಟಿಇ ಫಲಿತಾಂಶ ಸಾಮಾನ್ಯವಾಗಿ ಎರಡು ದಿನದಲ್ಲಿ ಬರುತ್ತದೆ, ತಡ ಮಾಡಿಕೊಂಡವರಿಗೆ ಅನುಕೂಲ. ಡುಯೊಲಿಂಗೊ ಅಗ್ಗ, ಮನೆಯಲ್ಲೇ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಮೆರಿಕದ ಎಷ್ಟೋ ಯೂನಿವರ್ಸಿಟಿಗಳು ಅದನ್ನು ಒಪ್ಪುತ್ತವೆ, ಆದರೆ ಆಸ್ಟ್ರೇಲಿಯಾದ ವೀಸಾಕ್ಕೆ ಅದು ನಡೆಯುವುದಿಲ್ಲ.

ಐಇಎಲ್‌ಟಿಎಸ್‌ನಲ್ಲಿ ಒಂದು ಸಣ್ಣ ಲೆಕ್ಕ ಅನೇಕರಿಗೆ ಕೈಕೊಡುತ್ತದೆ. ಲಿಸನಿಂಗ್ 7, ರೀಡಿಂಗ್ 6.5, ಸ್ಪೀಕಿಂಗ್ 6.5, ರೈಟಿಂಗ್ 5.5 ಬಂತು ಎನ್ನಿ. ಸರಾಸರಿ 6.375, ಅದನ್ನು 6.5 ಎಂದು ಲೆಕ್ಕ ಹಿಡಿಯುತ್ತಾರೆ. ಮನೆಯಲ್ಲಿ ಸಿಹಿ ಹಂಚಿ ಆಗಿರುತ್ತದೆ. ಆದರೆ ಕೋರ್ಸ್ ಕೇಳಿರುವುದು ಒಟ್ಟು 6.5, ಯಾವ ಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು. ರೈಟಿಂಗ್ ಒಂದರಿಂದ ಅರ್ಜಿ ಬಿದ್ದುಹೋಯಿತು. ಕಂಪ್ಯೂಟರ್‌ನಲ್ಲಿ ಬರೆದವರಿಗೆ 60 ದಿನದೊಳಗೆ ಆ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯುವ ಅವಕಾಶ ಇದೆ. ಆದರೆ ಹಾಗೆ ಬಂದ ಅಂಕವನ್ನು ಎಲ್ಲ ಯೂನಿವರ್ಸಿಟಿಗಳೂ ಒಪ್ಪುವುದಿಲ್ಲ.

ರೈಟಿಂಗ್‌ಗೆ ಒಂದು ಗಂಟೆ. ಮೊದಲನೆಯದು ಕನಿಷ್ಠ 150 ಪದ, ಗ್ರಾಫನ್ನೋ ಚಿತ್ರವನ್ನೋ ನೋಡಿ ವಿವರಿಸುವುದು. ಎರಡನೆಯದು ಕನಿಷ್ಠ 250 ಪದದ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ಆದರೂ ಮೊದಲನೆಯದಕ್ಕೆ ಅರ್ಧ ಗಂಟೆ ಕಳೆದು ಕೂರುವವರನ್ನು ನೋಡುತ್ತೇವೆ. 20 ನಿಮಿಷಕ್ಕೆ ಅದನ್ನು ಬಿಟ್ಟು ಎರಡನೆಯದಕ್ಕೆ ಹೋಗಿ. ಬರೆದದ್ದನ್ನು ತಿದ್ದಲು ಇನ್ನೊಬ್ಬರು ಬೇಕು. ನಿಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ವಾರಕ್ಕೆ ಎರಡು ಪ್ರಬಂಧ ನೋಡಿಕೊಟ್ಟರೆ ಯಾವ ಕೋಚಿಂಗ್ ಕೂಡ ಬೇಡ.

ಸ್ಪೀಕಿಂಗ್ 11ರಿಂದ 14 ನಿಮಿಷದ ಮಾತುಕತೆ. ನಡುವೆ ಒಂದು ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿ ಅನ್ನುತ್ತಾರೆ. ಹತ್ತನೆಯ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೇ ಹೆದರುವುದು. ಪರೀಕ್ಷಕರು ಅಮೆರಿಕನ್ ಉಚ್ಚಾರಣೆ ಕೇಳುವುದಿಲ್ಲ, ಆಡಿದ ಮಾತು ಸ್ಪಷ್ಟವಾಗಿ ಅರ್ಥವಾಗಬೇಕು ಅಷ್ಟೇ. ನೋಡಿದ ಒಂದು ಜಾಗದ ಬಗ್ಗೆ ಹೇಳಿ ಎಂದರೆ ನಯಾಗರ ಜಲಪಾತವನ್ನು ಯಾಕೆ ತರಬೇಕು? ದೇವರಾಯನದುರ್ಗದ ಬೆಟ್ಟ ಹತ್ತಿದ್ದು, ನಾಮದ ಚಿಲುಮೆ ನೋಡಿದ್ದು, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯ ದನಗಳ ಸಾಲು, ಇವನ್ನು ಹೇಳಿ. ಕಣ್ಣಾರೆ ಕಂಡದ್ದನ್ನು ಹೇಳುವಾಗ ಮಾತು ತಡವರಿಸುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ನಾಚಿಕೆ ಆಗುತ್ತದೆ, ಆಗಲಿ ಬಿಡಿ.

ಪರೀಕ್ಷೆಯ ದಿನ

ಜಿಆರ್‌ಇ ಮತ್ತು ಟೋಫೆಲ್ ಮನೆಯಿಂದಲೂ ಬರೆಯಬಹುದು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಬಾಗಿಲು ಮುಚ್ಚಿರಬೇಕು, ಕ್ಯಾಮೆರಾ ತಿರುಗಿಸಿ ಇಡೀ ಕೋಣೆ ತೋರಿಸಬೇಕು. ಲೆಕ್ಕ ಮಾಡಲು ಹಾಳೆ ಬಳಸುವಂತಿಲ್ಲ, ಅಳಿಸಬಹುದಾದ ಸಣ್ಣ ಬಿಳಿ ಹಲಗೆ ಬೇಕು. ಶಿರಾದಲ್ಲೋ ಪಾವಗಡದಲ್ಲೋ ತುಂಬಿದ ಮನೆಯಲ್ಲಿ ಎರಡು ಗಂಟೆ ಯಾರೂ ಬಾಗಿಲು ತಟ್ಟದೆ, ಕರೆಂಟ್ ಹೋಗದೆ, ನೆಟ್ ಕೈಕೊಡದೆ ಇರುತ್ತದಾ? ಆ ಚಿಂತೆಯಲ್ಲಿ ಬರೆಯುವುದಕ್ಕಿಂತ ಬೆಂಗಳೂರಿನ ಕೇಂದ್ರವೇ ವಾಸಿ.

ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್ ಅಷ್ಟೇ, ಆದರೆ ನೆಲಮಂಗಲ ದಾಟಿದ ಮೇಲಿನ ದಟ್ಟಣೆಯನ್ನು ಯಾರೂ ಲೆಕ್ಕ ಹಾಕಲಾರರು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದಿದೆ. ಅಲ್ಲಿ ಬಸ್ ಇಳಿದು ಮೆಟ್ರೊ ಹಿಡಿದರೆ ಯಶವಂತಪುರ, ಮೆಜೆಸ್ಟಿಕ್, ಜಯನಗರ ಕಡೆಯ ಕೇಂದ್ರಗಳಿಗೆ ಹೊತ್ತಿಗೆ ಸರಿಯಾಗಿ ತಲುಪಬಹುದು. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಬೆಳಗಿನ ಸ್ಲಾಟ್ ಆದರೆ ಹಿಂದಿನ ರಾತ್ರಿಯೇ ನೆಂಟರ ಮನೆಗೆ ಹೋಗಿ ಮಲಗಿ. ಆಯ್ಕೆ ಇದ್ದರೆ ಮಧ್ಯಾಹ್ನದ ಸ್ಲಾಟ್ ತಗೊಳ್ಳಿ.

ಜಿಆರ್‌ಇ ಮುಗಿದ ಕೂಡಲೇ ವರ್ಬಲ್ ಮತ್ತು ಕ್ವಾಂಟ್ ಅಂಕ ಪರದೆ ಮೇಲೆ ಬರುತ್ತದೆ. ಆಮೇಲೆ ನಾಲ್ಕು ಯೂನಿವರ್ಸಿಟಿಗಳಿಗೆ ಪುಕ್ಕಟೆ ಅಂಕ ಕಳಿಸುವ ಅವಕಾಶ ಅಲ್ಲೇ ಸಿಗುತ್ತದೆ. ಹೊರಗೆ ಬಂದ ಮೇಲೆ ಕಳಿಸಬೇಕಾದರೆ ಒಂದೊಂದಕ್ಕೂ ಬೇರೆ ಶುಲ್ಕ. ಒಳಗೆ ಚೀಟಿ ಒಯ್ಯುವಂತಿಲ್ಲ. ಹಾಗಾಗಿ ನಾಲ್ಕು ಯೂನಿವರ್ಸಿಟಿ, ಅವುಗಳ ಡಿಪಾರ್ಟ್‌ಮೆಂಟ್ ಹೆಸರನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿಕೊಂಡು ಹೋಗಿ.